ಅಣ್ಣನನ್ನು ಕೊನೆಗೆ ತಳ್ಳಿದ ನನ್ನ ಕೋಡ್

“ಏಮ್ಮಾ, ನಿನ್ ಟೈಲರ್‌ಗಿಂತ ಕಡೆ ಆಗ್ಬಿಟ್ನಾ ನಾನು?”

ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಳ್ಳುವ ಮೊದಲೇ ಯಲ್ದೂರಿನಿಂದ ಅಣ್ಣನ ಫೋನ್. ಕೋಪ ಬಂದರೆ ನಮ್ಮಣ್ಣನಿಗೆ ತೆಲುಗೂ ಬರುತ್ತದೆ. ಅವತ್ತು ಎರಡೂ ಬಂದಿದ್ದವು.

ವಿಷಯ ಇಷ್ಟೆ. ನಮ್ಮಕ್ಕನ ಮಗಳ ಮದುವೆ. ಲಗ್ನಪತ್ರಿಕೆ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ತೋರಿಸುವ ವೆಬ್ ಪೇಜ್ ಒಂದನ್ನು ನಾನೇ ಮಾಡಿದ್ದೆ. (ಈ ವಯಸ್ಸಿನಲ್ಲಿ ಜಾವಾಸ್ಕ್ರಿಪ್ಟಾ ಅಂತ ಮನೆಯವರು ನಕ್ಕರು. ನಗಲಿ.) ಒಳಗೆ ಹೆಸರುಗಳ ಒಂದು ಸಾಲು, ಅದಕ್ಕೆ ಅರೇ ಅನ್ನುತ್ತಾರೆ. ಸೋದರಮಾವ ತಾನೇ? ಅಣ್ಣನ ಹೆಸರೇ ಮೊದಲಿತ್ತು.

ಅಕ್ಕ ನೋಡಿದವಳೇ ತಲೆ ಚಚ್ಚಿಕೊಂಡಳು. “ಕುರುಡುಮಲೆ ಗಣಪ ಎಲ್ಲೇ? ಗಣೇಶನ ಮುಂದೆ ಮೊದಲ್ನೇ ಪತ್ರಿಕೆ ಇಡ್ದೆ ಯಾರಿಗಾದ್ರೂ ಕೊಡ್ತೀವಾ?”

ಸರಿ, ಗಣಪನನ್ನು ಕೊನೆಗೆ ಸೇರಿಸಿ, ಕೊನೆಯದನ್ನೂ ಮೊದಲನೆಯದನ್ನೂ ಅದಲುಬದಲು ಮಾಡಿದೆ. ಗಣಪ ಮುಂದೆ ಬಂದ! ಖುಷಿಯಲ್ಲಿ ಫ್ಯಾಮಿಲಿ ಗ್ರೂಪಿಗೆ ಲಿಂಕ್ ಕಳಿಸಿಯೂಬಿಟ್ಟೆ. ಅಣ್ಣ ಎಲ್ಲಿ ಹೋದ ಅಂತ ನೋಡಲೇ ಇಲ್ಲ. ಗಣಪನಿದ್ದ ಜಾಗಕ್ಕೆ ಹೋಗಿದ್ದ. ಮಾಲೂರಿನ ನನ್ನ ಬ್ಲೌಸ್ ಟೈಲರ್ ಆದಮೇಲೆ, ಕಟ್ಟಕಡೆಗೆ.

“ಹೆಣ್ಣನ್ನ ಮಂಟಪಕ್ಕೂ ಆ ಟೈಲರೇ ಕರ್ಕೊಂಡ್ ಬರ್ಲಿ. ನಾನ್ ಬರಲ್ಲ,” ಅಂದ ಅಣ್ಣ, ಫೋನ್ ಕಟ್. ಸೋದರಮಾವನಿಲ್ಲದೆ ಹೆಣ್ಣು ಮಂಟಪಕ್ಕೆ ಬರುವುದುಂಟೆ? ಅಕ್ಕನ ಕಣ್ಣಲ್ಲಿ ನೀರು. ನನಗೂ ನಿಜಕ್ಕೂ ಹೆದರಿಕೆಯಾಯಿತು.

“ಪೆನ್ನಲ್ಲಿ ಬರ್ದು ಫೋಟೋ ಕಳ್ಸೇ ತಾಯಿ,” ಅಂದಳು ಅಕ್ಕ. ಕಳಿಸಬಹುದಿತ್ತು. ಆದರೆ ನನಗೂ ಹಟ ಬಂದಿತ್ತು.

ಮುಳಬಾಗಿಲು ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂರುವುದು ಹೇಗೆ? ಯಾರನ್ನೂ ಎಬ್ಬಿಸುವುದಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಸರಿಯುತ್ತಾರೆ. ನಾನೂ ಅಷ್ಟೇ ಮಾಡಿದೆ. ಸಾಲನ್ನು ಅದಲುಬದಲಿಗೆ ಮೊದಲು ಇದ್ದಂತೆ ಮಾಡಿ, ಸ್ಪ್ಲೈಸ್ ಅನ್ನುವ ಕಮಾಂಡಿನಿಂದ ಗಣಪನನ್ನು ಕೊನೆಯಿಂದ ಎತ್ತಿದೆ. ಅದೇ ಸ್ಪ್ಲೈಸ್‌ನಿಂದ ಎಲ್ಲರಿಗಿಂತ ಮುಂದೆ ತೂರಿಸಿದೆ. ಉಳಿದವರೆಲ್ಲ ಒಂದೊಂದೇ ಜಾಗ ಹಿಂದೆ ಸರಿದರು. ಗೆದ್ದೆ! ಅಡುಗೆಮನೆಯಲ್ಲೇ ಕುಣಿದುಬಿಟ್ಟೆ.

ಮತ್ತೆ ಗ್ರೂಪಿಗೆ ಕಳಿಸಿದ ಮೇಲೆ ಕಣ್ಣಿಗೆ ಬಿತ್ತು. ಜಾವಾಸ್ಕ್ರಿಪ್ಟ್ ಎಣಿಸುವುದು ಸೊನ್ನೆಯಿಂದ. ಆ ನಂಬರುಗಳನ್ನೇ ಪೇಜಿನಲ್ಲಿ ಹಾಗೇ ಬಿಟ್ಟಿದ್ದೆ. ಗಣಪನಿಗೆ ಸೊನ್ನೆ, ಅಣ್ಣನಿಗೆ ಒಂದು! ತಿದ್ದೋಣ ಅನ್ನುವಷ್ಟರಲ್ಲಿ ಫೋನ್.

“ನಂಬರ್ ಒಂದು ನಂದೇ ಅಲ್ವೇನಮ್ಮಾ! ಹುಡ್ಗೀನ ಎತ್ಕೊಂಡೇ ಬರ್ತೀನಿ, ನಿಮ್ಮಕ್ಕಂಗೆ ಹೇಳು!”

ನಾನು ತಿದ್ದಲಿಲ್ಲ. ಅಕ್ಕನೂ ತಿದ್ದು ಅನ್ನಲಿಲ್ಲ.

ಗಣಪನೇ ಸೊನ್ನೆಗೆ ತಕರಾರಿಲ್ಲದೆ ಕೂತಿರುವಾಗ, ನಂಬರ್ ಒನ್‌ಗೆ ಒದ್ದಾಡುವ ನಾವು ಯಾವ ದೊಡ್ಡ ಮನುಷ್ಯರು?