ಹಲಗೆಯ ಮೇಲೆ ಕಲಿತ ಟೈಪಿಂಗು

ಹೊನ್ನಾಳಿಯಿಂದ ಹೊರಟ, ಇದ್ದಿಲು ಉರಿಸಿ ಓಡಿಸುವ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಚನ್ನಗಿರಿ ಕಚೇರಿಯವರು ಟೈಪಿಸ್ಟ್ ಕೆಲಸಕ್ಕೆ ಬೇರೆಯವರನ್ನು ಆಗಲೇ ಆರಿಸಿರಬಹುದಿತ್ತು. ನನ್ನ ಬೆರಳು ಅಕ್ಷರ ತಪ್ಪಬಹುದಿತ್ತು. ನಲವತ್ತು ದಾಟಿದ ಜವಾನನಿಗೆ ಇದೆಲ್ಲ ಯಾಕೆಂದು ಸಾಹೇಬರು ನಗಬಹುದಿತ್ತು.

ನಮ್ಮ ಹೊನ್ನಾಳಿ ಕಚೇರಿಯಲ್ಲಿ ಜವಾನ ಟೈಪ್ ಯಂತ್ರ ಮುಟ್ಟುವಂತಿರಲಿಲ್ಲ. ಹಾಗಾಗಿ ಅದರ ಅಕ್ಷರಗಳನ್ನು ಹಲಗೆಯ ಮೇಲೆ ಬರೆದುಕೊಂಡು, ವರ್ಷಗಟ್ಟಲೆ ದಿನಾ ಬೆಳಿಗ್ಗೆ ಬೆರಳಾಡಿಸಿದೆ. ಬೇಸರ ಬಂದ ದಿನವೂ ಬಿಡಲಿಲ್ಲ; ಒಂದು ದಿನ ಬಿಟ್ಟರೆ ಎಲ್ಲ ಮರೆತೀತೆಂಬ ಭಯ.

"ಹಲಗೆ ಕುಟ್ಟಿದ್ರೆ ಏನ್ ಬರ್ತೈತ್ರೀ? ಭತ್ತ ಆದ್ರೂ ಕುಟ್ರಿ, ಅಕ್ಕಿ ಬರ್ತೈತೆ," ಎನ್ನುತ್ತಿದ್ದಳು ಹೆಂಡತಿ.

ಚನ್ನಗಿರಿಯಲ್ಲಿ ಟೈಪಿಂಗ್ ಪರೀಕ್ಷೆಯ ದಿನ ನಾನು ಹೆದರಿದ್ದು ಒಂದೂ ಆಗಲಿಲ್ಲ. ಬೆರಳು ತಾವಾಗಿಯೇ ಓಡಿದವು. ಆದರೆ ಸಾಲು ಮುಗಿಯುವ ಹೊತ್ತಿಗೆ ಯಂತ್ರ ಠಿಣ್ ಎಂದಿತು. ನಮ್ಮ ಕಚೇರಿಯ ಯಂತ್ರದ ಗಂಟೆ ಎಂದೋ ಕೆಟ್ಟಿತ್ತು, ಹಲಗೆಗಂತೂ ಗಂಟೆಯೇ ಇಲ್ಲ. ಇಷ್ಟು ವರ್ಷ ಸಾಹೇಬರ ಮೇಜಿನ ಗಂಟೆಗೆ ಓಡಿದ ಈ ದರಿದ್ರ ಕಾಲು ನನ್ನನ್ನು ಒಂದು ಮಾತು ಕೇಳಲಿಲ್ಲ. ಎದ್ದು ನಿಂತು, ಕೈಕಟ್ಟಿ, "ಬಂದೆ ಸ್ವಾಮೀ" ಎಂದುಬಿಟ್ಟೆ.

"ಬೆರಳು ಚೆನ್ನಾಗಿ ಓಡ್ತೈತೆ, ಕೆಲ್ಸ ನಿಮ್ದೇ. ಮೊದ್ಲು ಕೂತ್ಕೊಳ್ರಿ," ಎಂದರು ಚನ್ನಗಿರಿಯ ಸಾಹೇಬರು.

ಕೂತೆ. ಮುಂದಿನ ಸಾಲು ಮುಗಿಯಿತು. ಮತ್ತೆ ಎದ್ದೆ.