ಅರವತ್ತು ಜಿಬಿಯ ಒಂದು ದಿನ

ಕೊಲ್ಲಿ ದೇಶದ ಉಮ್ ಅಲ್ ಹಸ್ಸಮ್‌ನ ನಮ್ಮೂರವರ ಮನೆಗಳಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಮೊದಲು ಫೋನ್ ಹೋಗುವುದು ರಮಾನಾಥನಿಗೆ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಹಿದ್‌ನ ಗೋದಾಮು ಕಂಪನಿಯೊಂದರ ಕಂಪ್ಯೂಟರುಗಳನ್ನು ಅವನೇ ನೋಡಿಕೊಳ್ಳುವುದು. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಧಾನ ಎಂದರೆ ಅವನಿಗೆ ಮೈಯೆಲ್ಲ ಉರಿ. ಯಾರದೋ ಮದುವೆ ವಿಡಿಯೊ ಕಾಪಿ ಆಗಲು ಒಂದು ಗಂಟೆ ಎಂದು ತೋರಿಸಿದರೆ ಸಾಕು, ನಿಲ್ಲಿಸಿ, ವೈರು ಕಿತ್ತು, ಹತ್ತು ನಿಮಿಷಕ್ಕೆ ಇಳಿಸಿದ ಮೇಲೆಯೇ ಚಹಾ ಕುಡಿಯುತ್ತಿದ್ದ. ಜನ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು. ಇಳಿಸುವವರು ಯಾರೂ ಇರಲಿಲ್ಲ.

ಹೆಂಡತಿ ಬೇಬಿಯ ತಮ್ಮ ಸಂದೇಶ್ ಅದೇ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಕಳೆದ ತಿಂಗಳು ಅವನು ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಒಬ್ಬನ ಕಾಲು ಮುರಿಯಿತು. ಬಾ ಬಾ ಎಂದು ಕೈಬೀಸಿ ಕರೆದವನು ಸೂಪರ್‌ವೈಸರ್. ವಿಚಾರಣೆಯಲ್ಲಿ ಆ ಪುಣ್ಯಾತ್ಮ ಉಲ್ಟಾ ಹೊಡೆದ, ಡ್ರೈವರ್ ಮೊಬೈಲ್ ನೋಡುತ್ತಿದ್ದ ಎಂದುಬಿಟ್ಟ. ಸಂದೇಶನ ವೀಸಾ ರದ್ದು ಮಾಡಿ ಊರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅದನ್ನು ತಪ್ಪಿಸಲು ಉಳಿದಿದ್ದದ್ದು ಆ ದಿನದ ಕ್ಯಾಮೆರಾ ದೃಶ್ಯ ಮಾತ್ರ.

ಅದನ್ನು ತೆಗೆಯಲು ಮ್ಯಾನೇಜರ್ ಶಹೀರ್ ಅನುಮತಿ ಕೊಟ್ಟದ್ದು ಗುರುವಾರ ಬೆಳಿಗ್ಗೆ. ಇಡೀ ದಿನದ್ದು ಒಂದೇ ಫೈಲು, ಅರವತ್ತು ಜಿಬಿ. ಪೂರ್ತಿ ಕಾಪಿ ಆಗದೆ ತೆರೆಯುವುದಿಲ್ಲ. ಮೂವತ್ತು ದಿನ ಕಳೆದದ್ದನ್ನು ದುಬೈಯ ಮುಖ್ಯ ಕಚೇರಿಯ ವ್ಯವಸ್ಥೆ ತಾನಾಗಿ ಅಳಿಸುತ್ತದೆ. ಈ ಫೈಲಿಗೆ ಅಂದೇ ನಾಲ್ಕು ಗಂಟೆಗೆ ಗಡುವು. ಅಳಿಸಬೇಡಿ ಎಂದು ಅಲ್ಲಿಗೆ ಬರೆದರೆ ಉತ್ತರ ಬರಲು ವಾರ ಬೇಕು.

ಹತ್ತು ಗಂಟೆಗೆ ರಮಾನಾಥ ಅದನ್ನು ಆಫೀಸಿನ ತನ್ನ ಕಂಪ್ಯೂಟರಿಗೆ ಕಾಪಿಗೆ ಹಾಕಿದ. ಇನ್ನು ಐದೂವರೆ ಗಂಟೆ ಎಂದು ತೋರಿಸಿತು. ಒಂದೂವರೆ ಗಂಟೆ ಹಲ್ಲು ಕಚ್ಚಿ ಕೂತ.

"ಥತ್! ಇದೊಂದು ಸ್ಪೀಡಾ? ಎಲ್ಲೋ ಎಂತದೋ ಹಾಳಾಗಿ ಉಂಟು."

"ಆಗ್ತಾ ಉಂಟಲ್ಲ ಭಾವ," ಎಂದ ಪಕ್ಕದಲ್ಲಿದ್ದ ಸಂದೇಶ್. "ಮೂರೂವರೆಗೆ ಮುಗೀತದೆ. ಮೆಲ್ಲ ಹೋದ್ರೆ ಹೋಗ್ಲಿ, ಬಿಡಿ."

"ಹತ್ತೊಂಬತ್ತು ವರ್ಷ ನಾನೆಂತ ಇಲ್ಲಿ ಮಣ್ಣು ಹೊತ್ತದ್ದಾ? ನೀ ಸುಮ್ನಿರು ಮಾರಾಯ."

ನಿಲ್ಲಿಸಿದ. ಕೈಯಾರೆ ನಿಲ್ಲಿಸಿದ! ಹೊಸ ಕೇಬಲ್ ಹಾಕಿ ಮೊದಲಿಂದ ಶುರು ಮಾಡಿದರೆ ಮತ್ತೆ ಅದೇ ಐದೂವರೆ ಗಂಟೆ. ಈಗ ಹಾಗೇ ಬಿಟ್ಟರೂ ಮುಗಿಯಲು ಸಂಜೆ ಐದಾಗುತ್ತಿತ್ತು. ಆಂಟಿವೈರಸ್ ಬಂದ್ ಮಾಡಿದ, ಕಂಪ್ಯೂಟರಿನ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದ, ಬೇರೆ ಡಿಸ್ಕ್ ತಂದ. ಪ್ರತಿ ಸಲವೂ ಸೊನ್ನೆಯಿಂದ. ಸಂದೇಶ್ ಊಟಕ್ಕೂ ಏಳಲಿಲ್ಲ, ಗಡಿಯಾರ ನೋಡುವುದನ್ನೂ ಬಿಟ್ಟಿದ್ದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಕಾರಣ ಸಿಕ್ಕಿತು. ಚಹಾ ಮೇಜಿನ ಕೆಳಗೆ, ನೆಟ್‌ವರ್ಕ್ ವೈರುಗಳೆಲ್ಲ ಬಂದು ಸೇರುವ ಒಂದು ಹಳೆಯ ಸ್ವಿಚ್ ಡಬ್ಬಿ ಧೂಳು ತಿಂದುಕೊಂಡು ಬಿದ್ದಿತ್ತು. ಅದನ್ನು ಕಿತ್ತೆಸೆದು ನೇರ ಜೋಡಿಸಿ ಕಂಪ್ಯೂಟರ್ ಮತ್ತೆ ಚಾಲೂ ಮಾಡುವಷ್ಟರಲ್ಲಿ ನಾಲ್ಕು ದಾಟಿತ್ತು. ಫೈಲು ಇರಲಿಲ್ಲ. ನಂಬಲಾಗದೆ, ಅಪಘಾತದ ಮರುದಿನದ ಫೈಲನ್ನು ಎಳೆದು ನೋಡಿದ. ಹತ್ತು ನಿಮಿಷಕ್ಕೆ ಇಡೀ ದಿನ ಬಂದು ಕೂತಿತು. ಅದರಲ್ಲಿ ಸಂದೇಶನ ಗಾಡಿಯನ್ನು ಬೇರೆ ಯಾರೋ ಓಡಿಸುತ್ತಿದ್ದರು.

ಮನೆಗೆ ಬಂದಾಗ ಬೇಬಿ ಬಾಗಿಲಲ್ಲೇ ನಿಂತಿದ್ದಳು. "ಎಂತ ಆಯ್ತು? ಸಿಕ್ಕಿತಾ?"



"ಇಲ್ಲ ಅಕ್ಕ," ಎಂದ ಸಂದೇಶ್, ಚಪ್ಪಲಿ ಬಿಡುತ್ತ. "ಕಂಪ್ಯೂಟರ್ ತುಂಬ ಸ್ಲೋ ಇತ್ತು. ಭಾವ ಊಟ ಸಹ ಮಾಡ್ಲಿಲ್ಲ, ಪಾಪ. ಅವ್ರು ಇನ್ನೆಂತ ಮಾಡ್ಲಿಕ್ಕೆ ಆಗ್ತದೆ?"

ಬೇಬಿ ಕಣ್ಣೊರೆಸಿಕೊಂಡು ಗಂಡನ ಮುಖ ನೋಡಿದಳು. ರಮಾನಾಥ ಹೌದೆಂದು ತಲೆಯಾಡಿಸಿದ.