ತವರೂರಲ್ಲಿ ಉಳಿದ ಹೆಸರು

ನನ್ನ ಮಗಳು ಹುಟ್ಟಿದಾಗ ಆಫೀಸಿನವರು ಆರು ತಿಂಗಳು ಸಂಬಳದ ರಜೆ ಕೊಟ್ಟಿದ್ದರು. ಮರಳಿ ಹೋದಾಗ ಎದೆಹಾಲು ಹಿಂಡಿಡಲು ಪರದೆ ಹಾಕಿದ ಕೋಣೆ, ಅದರಲ್ಲೊಂದು ಪುಟ್ಟ ಫ್ರಿಜ್ಜು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ಸಿಟ್ಟಿಗೆ ಗುರಿಯಾಗಬೇಕಾದವರಲ್ಲಿ ನಾನೂ ಒಬ್ಬಳು.

ಕೊಚ್ಚಿಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುತ್ತಿದ್ದವಳು ಯಾದಗಿರಿ ಕಡೆಯವಳು. ಗಂಡನಿಗೆ ಹತ್ತಿರದ ಅಂಬಲಮುಗಳಿನಲ್ಲಿ ಗಾರೆ ಕೆಲಸ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಕೆಲಸಕ್ಕೆ ಮರಳಿದ್ದಳು. ಬೆಳಿಗ್ಗೆ ಚಹಾ, ಮಧ್ಯಾಹ್ನ ಗಂಜಿ, ಅಷ್ಟೇ ಅವಳ ಊಟ.

ಬಾಣಂತಿಗೆ ಅಂಗನವಾಡಿಯಲ್ಲಿ ರೇಷನ್ ಕೊಡುತ್ತಾರಲ್ಲ ಎಂದು ಕರೆದುಕೊಂಡು ಹೋದೆ. ಟೀಚರ್ ಒಳ್ಳೆಯ ಹೆಂಗಸು. ಆಧಾರ್ ನಂಬರ್ ಒತ್ತಿ, ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದರು. ಈ ಹೆಸರು ಬೇರೆ ಅಂಗನವಾಡಿಯಲ್ಲಿದೆ, ಇಲ್ಲಿ ಕೊಡುವಂತಿಲ್ಲ ಎಂದಿತು ಆಪ್.

"ಬಸುರಿದ್ದಾಗ ತವರೂರಾಗ ಬರಸ್ಯಾರ್ರಿ ಅಕ್ಕಾರ. ಚೊಚ್ಚಲ ಬಾಣಂತನ ಅಲ್ಲೇ ಅಲ್ರೀ?" ಎಂದಳು, ತಪ್ಪು ತನ್ನದೇ ಎಂಬಂತೆ.

ನನಗೆ ಮೈ ಉರಿಯಿತು. ತವರಿಗೆ ಹೋಗಿ ಹೆರುವುದನ್ನು ನಮ್ಮ ಹೆಂಗಸರು ನಿನ್ನೆ ಮೊನ್ನೆ ಕಲಿತರೇ? ಈ ನಿಯಮ ಬರೆದವರನ್ನು ಅವರ ಅಮ್ಮಂದಿರು ಎಲ್ಲಿ ಹೆತ್ತರಂತೆ? ಹೆಸರು ಇಲ್ಲಿಗೆ ವರ್ಗಾಯಿಸಲು ಟೀಚರ್ ಅರ್ಜಿ ಹಾಕಿದರು. ನಾನು ತಿರುವನಂತಪುರದವರೆಗೂ ಹೋಗಿ ಅಂಗನವಾಡಿ ಇಲಾಖೆಯ ಕಚೇರಿಯಲ್ಲಿ ಮೇಜಿಂದ ಮೇಜಿಗೆ ಅಲೆದೆ. ಹೆಸರನ್ನು ಕರ್ನಾಟಕದವರು ಬಿಡಬೇಕು ಎಂದರು. ಅವಳ ತವರೂರಿನ ಅಂಗನವಾಡಿಗೆ ಫೋನ್ ಮಾಡಿದರೆ, "ಬಾಣಂತೀನ ಇಲ್ಲಿ ಕರ್ಕೊಂಡ್ ಬರ್ರಿ, ಮಾರಿ ತೋರಸ್ಬೇಕು" ಎಂದರು. ಕೂಸನ್ನು ಕಟ್ಟಿಕೊಂಡು ಅಷ್ಟು ದೂರ ರೈಲಿನಲ್ಲಿ, ಒಂದು ಮುಖ ತೋರಿಸಲು! ಸಿಟ್ಟಿನಲ್ಲಿ ಫೋನ್ ಕುಕ್ಕಿದೆ.

ಅಷ್ಟರಲ್ಲಿ ಒಂದು ದಿನ ಅವಳೇ ಬಾಗಿಲಿಗೆ ಬಂದು, "ಹಾಲು ಸಾಲವಲ್ದ್ರಿ ಅಕ್ಕಾರ, ಕೂಸು ಭಾಳ ಅಳ್ತದ" ಎಂದಳು. ಎಡಪ್ಪಳ್ಳಿಯ ಮಾಲ್‌ಗೆ ಓಡಿದೆ. ಇದ್ದುದರಲ್ಲೇ ದುಬಾರಿಯ ಹಾಲಿನ ಪುಡಿ ಡಬ್ಬಿ, ಒಂದು ಬಾಟಲಿ ತಂದುಕೊಟ್ಟೆ. ಮುಗಿದಾಗಲೆಲ್ಲ ಮತ್ತೊಂದು ಡಬ್ಬಿ. ಸರ್ಕಾರ ಮಾಡದ್ದನ್ನು ನಾನು ಮಾಡಿದೆ ಎಂದು ಒಳಗೊಳಗೇ ಬೀಗಿದೆ.

ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ ತವರೂರಿನವರು ಬಿಟ್ಟುಕೊಟ್ಟು, ಕೊನೆಗೂ ಹೆಸರು ಇಲ್ಲಿಗೆ ಬಂತು. ಅಂಗನವಾಡಿಗೆ ಮೂವರೂ ಹೋದೆವು. ಕೂಸಿಗೆ ಆರು ತಿಂಗಳು ತುಂಬಿ ವಾರವಾಗಿತ್ತು. ಬಾಣಂತಿಯ ಪಾಲು ಆರು ತಿಂಗಳವರೆಗೆ ಮಾತ್ರವಂತೆ. ಇನ್ನು ಕೂಸಿನ ಪಾಲು. ಟೀಚರ್ ಹಿಟ್ಟಿನ ಪೊಟ್ಟಣ ಕೊಟ್ಟು, ಜೊತೆಗೆ ಎದೆಹಾಲನ್ನೂ ಬಿಡಬೇಡ ಎಂದರು. ನಾನು ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ.

"ಹಾಲು ಎಲ್ಲದರೀ? ಬತ್ತಿ ಹೋಗ್ಯದ" ಎಂದಳು.

ಟೀಚರಿಗೆ ಡಬ್ಬಿಯ ವಿಷಯ ಹೇಳಿದೆ. ಅವರು ಮಲಯಾಳದಲ್ಲಿ ಹೇಳಿದರು: "ಮಗಳೇ, ಬಾಟಲಿ ಹೆಚ್ಚಾದ ಹಾಗೆ ಎದೆಹಾಲು ಇಳಿಯುತ್ತದೆ. ಕೂಸಿಗೆ ಡಬ್ಬಿ ಬೇಕಿರಲಿಲ್ಲ. ಈ ತಾಯಿಗೆ ನಿನ್ನ ಮನೆಯಲ್ಲಿ ದಿನಾ ಒಂದು ಊಟ ಹಾಕಬೇಕಿತ್ತು."

ನಾಲ್ಕು ತಿಂಗಳು ಅವಳು ಮೆಟ್ಟಿಲಿಗೆ ತೆರೆಯುವ ನನ್ನ ಅಡುಗೆಮನೆಯ ಬಾಗಿಲೆದುರು ಗುಡಿಸಿದ್ದಳು.

"ಟೀಚರಮ್ಮಾರು ಏನಂತಾರ್ರಿ ಅಕ್ಕಾರ?" ಎಂದು ಕೇಳಿದಳು.

ಅದೊಂದನ್ನು ನಾನು ಕನ್ನಡದಲ್ಲಿ ಹೇಳಲಿಲ್ಲ.